ಆರನೆಯ ದಿನದ ಎಣಿಕೆ: ಕಾಸರಗೋಡಿನ ಒಂದು ಕನ್ನಡ ತರಗತಿಯ ಹತ್ತು ವರ್ಷಗಳು



ಈ ತಿಂಗಳ ಎರಡನೆಯ ಭಾನುವಾರ ನಾವು ಕೆಲವರು, ಕುಂಬಳೆಯಿಂದ ಪೂರ್ವಕ್ಕೆ ಒಳನಾಡಿನಲ್ಲಿರುವ ನಮ್ಮ ಹಳೆಯ ಶಾಲೆಯಲ್ಲಿ ಒಂದುಗೂಡಿದೆವು. 1996ರ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಹೊರಬಿದ್ದ ಕನ್ನಡ ಡಿವಿಷನ್ನಿನಲ್ಲಿ ನಾವು 41 ಮಂದಿ ಇದ್ದೆವು. ಅಂದು ಬಂದವರು 26. ಇಬ್ಬರು ಈಗ ನಮ್ಮೊಡನಿಲ್ಲ. ಉಳಿದವರಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳಲ್ಲಿ, ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಹಂಚಿಹೋಗಿದ್ದಾರೆ. ಇಂತಹ ಕೂಟಗಳಲ್ಲಿ ನಡೆಯುವುದೆಲ್ಲ ನಮ್ಮಲ್ಲಿಯೂ ನಡೆಯಿತು: ನಿವೃತ್ತ ಗುರುಗಳಿಗೆ ಶಾಲು ಹೊದೆಸಿದೆವು, ಅಂದಿನ ಅಡ್ಡಹೆಸರುಗಳನ್ನು ಮತ್ತೆ ಕೂಗಿದೆವು, ಮಧ್ಯಾಹ್ನ ಪಾಯಸದ ಊಟ ಮಾಡಿದೆವು. ಅದನ್ನು ವಿವರಿಸಲು ಈ ಟಿಪ್ಪಣಿಯನ್ನು ಬರೆಯುತ್ತಿಲ್ಲ. ಊಟದ ನಂತರ ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕುಳ್ಳಿರಿಸಿಕೊಂಡು ಹೇಳಿದ ಒಂದು ಮಾತಿನಿಂದ ಇದು ಹುಟ್ಟಿತು. ಬರುವ ಜೂನಿನಲ್ಲಿ ಎಂಟನೆಯ ತರಗತಿಯ ಕನ್ನಡ ವಿಭಾಗಕ್ಕೆ ಅಂದಿನವರೆಗೆ ಸಿಕ್ಕಿದ್ದು ಏಳು ಮಕ್ಕಳು.

ಕೇರಳದ ಶಾಲಾ ವ್ಯವಸ್ಥೆಯ ಪರಿಚಯವಿಲ್ಲದ ಓದುಗರಿಗೆ ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. 1959ರ ಕೇರಳ ಶಿಕ್ಷಣ ನಿಯಮಗಳ ಪ್ರಕಾರ ಶಾಲೆ ತೆರೆದ ಆರನೆಯ ಕೆಲಸದ ದಿನ ತರಗತಿಯಲ್ಲಿರುವ ಮಕ್ಕಳನ್ನು ಎಣಿಸಲಾಗುತ್ತದೆ. ಆ ವರ್ಷ ಶಾಲೆಗೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದು ಆ ಎಣಿಕೆಯಿಂದ ತೀರ್ಮಾನವಾಗುತ್ತದೆ. ನಮ್ಮ ಕಡೆಯ ಅಧ್ಯಾಪಕರ ಮನೆಗಳಲ್ಲಿ ಜೂನ್ ತಿಂಗಳ ಮೊದಲ ವಾರವೆಂದರೆ ಮಳೆಯ ಆತಂಕಕ್ಕಿಂತ ಈ ಲೆಕ್ಕದ ಆತಂಕವೇ ಹೆಚ್ಚು. ಡಿವಿಷನ್ 'ಬಿತ್ತು' ಎನ್ನುವುದು ಇಲ್ಲಿನ ರೂಢಿಯ ಮಾತು. ಗೋಡೆ ಬಿದ್ದಂತೆ, ಮರ ಬಿದ್ದಂತೆ. ಮಲಯಾಳ ವಿಭಾಗದಲ್ಲಿ ಒಂದು ಡಿವಿಷನ್ ಬಿದ್ದರೆ ಮೂರಿದ್ದುದು ಎರಡಾಗುತ್ತದೆ. ಕನ್ನಡದ್ದು ಬಿದ್ದರೆ ಒಂದಿದ್ದುದು ಇಲ್ಲವಾಗುತ್ತದೆ.

ನಾವು ಶಾಲೆ ಸೇರಿದ್ದು 1986ರ ಜೂನಿನಲ್ಲಿ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿ ಆಗ ಎರಡೇ ವರ್ಷವಾಗಿತ್ತು. 1984ರ ಮೇ 24ರಂದು ಅದು ಕಣ್ಣೂರಿನಿಂದ ಬೇರ್ಪಟ್ಟಿತ್ತು. ಎಲ್.ಪಿ., ಯು.ಪಿ., ಹೈಸ್ಕೂಲು ಮೂರೂ ಒಂದೇ ಆವರಣದಲ್ಲಿದ್ದುದರಿಂದ ನಮ್ಮಲ್ಲಿ ಬಹುಮಂದಿ ಒಂದರಿಂದ ಹತ್ತರವರೆಗೆ ಜೊತೆಯಾಗಿಯೇ ಸಾಗಿದೆವು. ಎಲ್.ಪಿ.ಯಲ್ಲಿ ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳು. ವರ್ಷದ ಪರೀಕ್ಷೆಗಳಿಗೆ ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ ಎಂಬ ಹೆಸರು. ಮಂಗಳೂರಿನ ನಮ್ಮ ಸೋದರಬಂಧುಗಳಿಗೆ ದಸರೆಯ ದೀರ್ಘ ರಜೆ ದೊರೆಯುವಾಗ ನಮಗೆ ಪುಸ್ತಕಪೂಜೆಯ ಒಂದೆರಡು ದಿನ. ನಮಗೆ ಹತ್ತು ದಿನ ಓಣಂ ರಜೆಯಿದ್ದಾಗ ಅವರಿಗೆ ಶಾಲೆ. ಅಜ್ಜನ ಮನೆಯಲ್ಲಿ ಒಟ್ಟಾಗುವುದು ಬೇಸಿಗೆಯಲ್ಲಿ ಮಾತ್ರ. ರಾಜ್ಯದ ಗಡಿ ಎಂಬುದು ಮಕ್ಕಳಿಗೆ ಮೊದಲು ಅರಿವಾಗುವುದು ಭೂಪಟದಲ್ಲಿ ಅಲ್ಲವೆಂದೂ, ರಜೆಯ ಪಟ್ಟಿಯಲ್ಲೆಂದೂ ನನ್ನ ಅನುಭವ.

ನಮ್ಮ ತಂದೆಯವರ ಪೀಳಿಗೆಗೆ ಅದು ಇನ್ನೂ ವಿಚಿತ್ರವಾಗಿ ಅರಿವಾಯಿತು. ಅವರು ಇದೇ ಶಾಲೆಯಲ್ಲಿ ಐದನೆಯ ತರಗತಿಗೆ ಸೇರಿದ್ದು 1956ರ ಜೂನಿನಲ್ಲಿ. ಅಂದು ಅದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. ಎರಡು ತಿಂಗಳ ಬಳಿಕ, 1957ರ ಜನವರಿ 1ರಂದು, ಮಲಬಾರ್ ಒಡೆದು ಕಣ್ಣೂರು ಜಿಲ್ಲೆಯಾಯಿತು. ಹೀಗೆ ಒಂದೇ ಬೆಂಚಿನ ಮೇಲೆ, ಒಬ್ಬರೇ ಮಾಸ್ತರರ ಮುಂದೆ ಕುಳಿತು, ಒಂದೇ ಶಾಲಾ ವರ್ಷದಲ್ಲಿ ಆ ತರಗತಿ ಎರಡು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಕಂಡಿತು. ತಂದೆಯವರ ನೆನಪಿನಲ್ಲಿ ಆ ವರ್ಷದ ಬಗ್ಗೆ ಉಳಿದಿದ್ದುದು ಹಿರಿಯರ ಮೆರವಣಿಗೆಗಳು ಮತ್ತು ಮಾಸ್ತರರು ಕರಿಹಲಗೆಯ ಮೇಲೆ ಜಿಲ್ಲೆಯ ಹೆಸರನ್ನು ಅಳಿಸಿ ಬರೆದದ್ದು.

ಆ ನಿರ್ಣಯದ ಚರಿತ್ರೆ ನಿಮಗೆ ತಿಳಿದದ್ದೇ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಕಾಸರಗೋಡನ್ನು ಕೇರಳಕ್ಕೆ ಶಿಫಾರಸು ಮಾಡಿತು. 1957ರ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲವೆಂಬುದೇ ಅಂದಿನ ಜನಾಭಿಪ್ರಾಯದ ಅಳತೆ. 1967ರಲ್ಲಿ ಮೆಹರ್‌ಚಂದ್ ಮಹಾಜನರ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಯವರು ವಿಲೀನದ ಹಂಬಲವನ್ನು ಕೊನೆಯವರೆಗೆ ಬಿಡಲಿಲ್ಲ. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿಸಿ 2015ರ ಆಗಸ್ಟಿನಲ್ಲಿ ತೀರಿಕೊಂಡಾಗಲೂ ಬದಿಯಡ್ಕದ ಅವರ ಮನೆ ಕೇರಳದಲ್ಲಿಯೇ ಇತ್ತು.

ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನಮ್ಮ ಗಡಿನಾಡಿನ ಚರಿತ್ರೆಯನ್ನು ನಾವು ಬರೆಯುವಾಗಲೆಲ್ಲ ಆಯೋಗ, ವರದಿ, ಸತ್ಯಾಗ್ರಹ, ಚುನಾವಣೆ ಇವುಗಳ ಸರಣಿಯನ್ನೇ ಬರೆಯುತ್ತೇವೆ. ಹಿರಿಯರ ತ್ಯಾಗದ ಮೇಲೆ ನನಗಿರುವ ಗೌರವ ಕಡಿಮೆಯಿಲ್ಲ. ಆದರೆ ಮಹಾಜನ ವರದಿಯ ಜಾರಿಯನ್ನು ಕಾಯುತ್ತ ಕಳೆದ ದಶಕಗಳಲ್ಲಿ ಯಾವ ಶಾಲೆಯಲ್ಲಿ ಯಾವ ವರ್ಷ ಎಷ್ಟು ಮಕ್ಕಳು ಕನ್ನಡದಲ್ಲಿ ಓದಿದರು, ಯಾವ ವರ್ಷ ಯಾವ ಡಿವಿಷನ್ ಬಿತ್ತು ಎಂಬುದನ್ನು ಕೂಡಿಡುವ ಕೆಲಸವನ್ನು ನಾವು ಮಾಡಲಿಲ್ಲ. ಆ ಲೆಕ್ಕ ಹಾಜರಿ ಪುಸ್ತಕಗಳಲ್ಲಿದೆ, ಮತ್ತು ನಮ್ಮಂತಹ ತರಗತಿಗಳ ನೆನಪಿನಲ್ಲಿದೆ. ಹಾಜರಿ ಪುಸ್ತಕಗಳನ್ನು ಗೆದ್ದಲು ತಿನ್ನುತ್ತಿದೆ.

ರಾಜ್ಯದ ಗಡಿ ಬದಲಾದ ಅದೇ 1956ರ ನವೆಂಬರ್ 1ರಂದು ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂತು. ಅದರ ಮೂಲಕ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಂಕಿಯನ್ನು ಒಪ್ಪಿಕೊಂಡಿತ್ತು: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕನನ್ನು ನೇಮಿಸಬೇಕು. ಪ್ರೌಢಶಾಲೆಗೆ ಅನಂತರ ಒಪ್ಪಿದ ಅಂಕಿ ಇನ್ನೂ ದೊಡ್ಡದು: ಕೊನೆಯ ನಾಲ್ಕು ತರಗತಿಗಳಲ್ಲಿ 60, ತರಗತಿಯೊಂದಕ್ಕೆ 15. ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ರಾಯದುರ್ಗ, ಮಡಕಶಿರಾಗಳಲ್ಲಿರುವ ಓದುಗರು ಈ ಅಂಕಿಗಳನ್ನು ಕೇಳಿರಬಹುದು. ಒಂದು ಭಾಷೆಯ ಹಕ್ಕು ತಲೆಗಳ ಎಣಿಕೆಗೆ ಕಟ್ಟುಬಿದ್ದದ್ದು ಇಲ್ಲಿಂದ. ಕನಿಷ್ಠ ಸಂಖ್ಯೆಯನ್ನು ಗೊತ್ತುಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು. ಸಂಖ್ಯೆ ಕುಸಿಯತೊಡಗಿದಾಗ ಮಾತ್ರ ಅದೇ ಆಸರೆ ಕತ್ತರಿಯಾಗುತ್ತದೆ.

ಈಗ ಕೇಳಿ, ಆ 41 ಮಂದಿಯ ಮನೆಮಾತು ಯಾವುದು? ಕೂಟದ ದಿನ ನಾವು ತಮಾಷೆಗಾಗಿ ಲೆಕ್ಕಹಾಕಿದೆವು. ಮನೆಯಲ್ಲಿ ತುಳು ಆಡುವವರು 17. ಹವ್ಯಕ ಕನ್ನಡ 9. ಬ್ಯಾರಿ 6, ಮಲಯಾಳ 4, ಮರಾಠಿ 3, ಕೊಂಕಣಿ 2. ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುತ್ತಿದ್ದವರು ಒಬ್ಬರೂ ಇರಲಿಲ್ಲ. ಸಪ್ತಭಾಷೆಗಳ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಅದು ನಮ್ಮ ಪಾಲಿಗೆ ಭಾಷಣವಾಗಿರಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿನ ಸದ್ದಾಗಿತ್ತು. ಗಂಟೆ ಬಾರಿಸಿ ತರಗತಿ ಆರಂಭವಾದೊಡನೆ ಆ ಭಾಷೆಗಳೆಲ್ಲ ಕನ್ನಡಕ್ಕೆ ಎಡೆಮಾಡಿಕೊಡುತ್ತಿದ್ದವು.

'ತುಳು ಮನೆಯ ಮಗುವಿಗೆ ಕನ್ನಡ ಹೇಗೆ ಮಾತೃಭಾಷೆ?' ಎಂದು ಯಾರಾದರೂ ಕೇಳಿದರೆ ಅದನ್ನು ಕುಹಕವೆಂದು ತಳ್ಳಿಹಾಕಬೇಡಿ, ಉತ್ತರ ಚರಿತ್ರೆಯಲ್ಲಿದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಚ್ಚುಕೂಟ ಸ್ಥಾಪಿಸಿ, ಶಾಲಾಪುಸ್ತಕಗಳನ್ನು ಕನ್ನಡದಲ್ಲಿ ಮುದ್ರಿಸಿದರು. ತುಳು ಪುಸ್ತಕಗಳನ್ನು ಅಚ್ಚುಹಾಕಿದಾಗಲೂ ಬಳಸಿದ್ದು ಕನ್ನಡ ಲಿಪಿಯನ್ನೇ. ಕರಾವಳಿಯ ಈ ಭಾಗದಲ್ಲಿ ಅಕ್ಷರವೆಂದರೆ ಕನ್ನಡಾಕ್ಷರ. ಯಕ್ಷಗಾನದ ಪ್ರಸಂಗವೂ ಕನ್ನಡ, ದಸ್ತಾವೇಜೂ ಕನ್ನಡ. ಕುಂಬಳೆಯ ಪಾರ್ತಿಸುಬ್ಬನ ಊರಿನ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ಜನಗಣತಿಯ ಹಾಳೆಯಲ್ಲಿ ತುಳುವರು ತುಳುವರಾಗಿ, ಕೊಂಕಣಿಗರು ಕೊಂಕಣಿಗರಾಗಿ ಬೇರೆಬೇರೆ ಕಂಬಗಳಲ್ಲಿ ನಿಲ್ಲುತ್ತಾರೆ. ಅದು ಸರಿಯೂ ಹೌದು. ಅದೇ ಹಾಳೆಯನ್ನು ಹಿಡಿದು ಕನ್ನಡ ಶಾಲೆಯ ಅಗತ್ಯವನ್ನು ಅಳೆಯಹೊರಟಾಗ ನಮ್ಮ ತರಗತಿಯಂತಹದೊಂದು ಇತ್ತೆಂಬುದೇ ಕಾಣಿಸುವುದಿಲ್ಲ. ಆ ಲೆಕ್ಕದಂತೆ ನಾವು ಹೆಚ್ಚೆಂದರೆ 9 ಮಂದಿ!

ಪಾಠಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಪುಸ್ತಕಗಳು ತಿರುವನಂತಪುರದಲ್ಲಿ ಸಿದ್ಧವಾಗಿ ಕನ್ನಡಕ್ಕೆ ಅನುವಾದಗೊಂಡು ಬರುತ್ತಿದ್ದವು. ಭಾಷಾಪುಸ್ತಕಗಳು ಹೇಗೋ ಬೇಗ ಬರುತ್ತಿದ್ದವು. ವಿಜ್ಞಾನ, ಸಮಾಜಗಳದ್ದು ಓಣಂ ಪರೀಕ್ಷೆ ಮುಗಿದ ಮೇಲೆ ಬಂದ ವರ್ಷವೂ ಉಂಟು. ಅಲ್ಲಿಯವರೆಗೆ ಮಾಸ್ತರರು ಮಲಯಾಳದ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದರು. ಓದುತ್ತ ಓದುತ್ತಲೇ ಭಾಷಾಂತರ! ಅನುವಾದಿತ ಪುಸ್ತಕ ಬಂದ ಬಳಿಕ ನಾವು ಎರಡನ್ನೂ ಹೋಲಿಸಿದರೆ ಮಾಸ್ತರರ ಕನ್ನಡವೇ ಮೇಲಾಗಿರುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಭೌತಶಾಸ್ತ್ರದ ಹುದ್ದೆ ಕೆಲವು ತಿಂಗಳು ಖಾಲಿಬಿದ್ದಾಗ ಆ ಪಾಠವನ್ನೂ ಗಣಿತದವರೇ ಮಾಡಿದರು. ಅವರಿಗೆ ಈಗ ಎಂಬತ್ತು ದಾಟಿದೆ. ಅಂದಿನ ಟಿಪ್ಪಣಿ ಪುಸ್ತಕವನ್ನು ಗೆಳತಿಯೊಬ್ಬಳು ತಂದು ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಒಂದು ಸಮೀಕರಣದಲ್ಲಿ ತಪ್ಪು ಹುಡುಕಿದರು.

ಸಮಾಜ ಪಾಠದಲ್ಲಿ ನಾವು ಓದಿದ್ದು ಮಾರ್ತಾಂಡವರ್ಮ, ವೇಲುತಂಪಿ, ವೈಕಂ ಸತ್ಯಾಗ್ರಹ. ಕೆಳದಿಯ ಶಿವಪ್ಪ ನಾಯಕನ ಕೋಟೆಯನ್ನು ನೋಡಲು ಬೇಕಲಕ್ಕೆ ಪ್ರವಾಸ ಹೋದೆವು. ಕೆಳದಿ ಎಲ್ಲಿದೆಯೆಂಬುದು ನಮ್ಮ ಭೂಪಟದಲ್ಲಿ ಇರಲಿಲ್ಲ. ಇದನ್ನು ಕೇವಲ ನಷ್ಟವೆಂದು ಹೇಳುವವರೊಡನೆ ನಾನು ಒಪ್ಪುವುದಿಲ್ಲ. ನಾರಾಯಣ ಗುರುಗಳನ್ನು, ವೈಕಂನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ 1924ರಲ್ಲಿ ನಿಂತವರನ್ನು ಕನ್ನಡದಲ್ಲಿ ಓದಿ ಬೆಳೆದ ಕನ್ನಡಿಗರು ನಾವು. ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಶಿವಾಜಿಯನ್ನು ಓದುವ ಅಕ್ಕಲಕೋಟೆಯ ಮಗುವೂ ಹೀಗೆಯೇ ಬೆಂಗಳೂರಿನ ಮಗುವಿಗೆ ಸಿಗದ ಒಂದು ಲೋಕವನ್ನು ಕನ್ನಡಕ್ಕೆ ತರುತ್ತದೆ. ಗಡಿನಾಡಿನ ಶಾಲೆಯನ್ನು ಬರೇ ಉಳಿಕೆಯೆಂದು, ಅವಶೇಷವೆಂದು ನೋಡುವವರಿಗೆ ಈ ಸಂಪತ್ತು ಕಾಣುವುದಿಲ್ಲ.

ಅಂದು ಎಸ್.ಎಸ್.ಎಲ್.ಸಿ.ಗೆ 600 ಅಂಕ, ಉತ್ತೀರ್ಣರಾಗಲು 210. ಗ್ರೇಡುಗಳು ಬಂದದ್ದು 2005ರಲ್ಲಿ. ನಮ್ಮಲ್ಲಿ ಮೊದಲ ಪ್ರಯತ್ನಕ್ಕೆ 210 ದಾಟಿದವರು 23. ಉಳಿದವರಲ್ಲಿ ಕೆಲವರು ಸೆಪ್ಟೆಂಬರಿನಲ್ಲಿ ಮತ್ತೆ ಕುಳಿತರು, ಹಲವರು ಬೀಡಿ, ಅಡಿಕೆ, ಹೋಟೆಲುಗಳ ದಾರಿ ಹಿಡಿದರು. ಪಾಸಾದವರ ಮುಂದೆ ಎರಡು ಬಸ್ಸುಗಳಿದ್ದವು. ತೆಂಕಣಕ್ಕೆ ಹೋಗುವುದು ಕಾಸರಗೋಡು ಸರಕಾರಿ ಕಾಲೇಜಿಗೆ. 1957ರಲ್ಲಿ ಆರಂಭವಾದ ಆ ಕಾಲೇಜಿನ ಪ್ರೀ ಡಿಗ್ರಿಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಹರಟೆ ಮಲಯಾಳದಲ್ಲಿ. ಬಡಗಣಕ್ಕೆ ಹೋಗುವುದು ಮಂಗಳೂರು, ಪುತ್ತೂರುಗಳ ಪಿ.ಯು. ಕಾಲೇಜುಗಳಿಗೆ, ಅಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು, ಆದರೆ ಕಚೇರಿಯ ಕಿಟಕಿಯಲ್ಲಿ ನಾವು ಹೊರರಾಜ್ಯದವರು. ಗಡಿನಾಡು ಮತ್ತು ಹೊರನಾಡು ಕನ್ನಡಿಗರೆಂಬ ಅರ್ಹತೆಯ ದಾರಿ ಕರ್ನಾಟಕದ ಸಿ.ಇ.ಟಿ.ಯಲ್ಲಿದೆ, ನಮ್ಮ ಕಾಲಕ್ಕೆ ಅದನ್ನು ನಮಗೆ ಹೇಳುವವರೇ ಇರಲಿಲ್ಲ. ಯಾವ ಬಸ್ಸು ಹತ್ತಿದೆವೋ ಅದರಂತೆ ನಾವು ಎರಡು ರಾಜ್ಯಗಳ ಜನರಾದೆವು. ತೆಂಕಣಕ್ಕೆ ಹೋದವರಲ್ಲಿ ಕೆಲವರು ಇಪ್ಪತ್ತನೆಯ ವಯಸ್ಸಿನಲ್ಲಿ ಮಲಯಾಳದ ಅಕ್ಷರ ಕಲಿತು ಪಿ.ಎಸ್.ಸಿ. ಬರೆದರು. ಒಬ್ಬಳು ಇಂದು ಕಂದಾಯ ಇಲಾಖೆಯಲ್ಲಿದ್ದಾಳೆ. ಕನ್ನಡದ ಅರ್ಜಿ ಹಿಡಿದು ಬರುವ ಮುದುಕರು ಅವಳ ಮೇಜನ್ನೇ ಹುಡುಕಿಕೊಂಡು ಬರುತ್ತಾರಂತೆ.

2017ರಲ್ಲಿ ಹತ್ತನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂಬ ಶಾಸನ ಬಂದಾಗ ಕಾಸರಗೋಡಿನಲ್ಲಿ ಪ್ರತಿಭಟನೆಗಳಾದವು. ನಮ್ಮ ತರಗತಿಯ ವಾಟ್ಸಾಪ್ ಬಳಗ ಆ ವಾರ ಎರಡು ಪಂಗಡವಾಯಿತು. 'ನಾನು ಮಲಯಾಳ ಬಾರದೆ ಪಟ್ಟ ಪಾಡು ನನ್ನ ಮಗನಿಗೆ ಬೇಡ' ಎಂದವನು ಕಟ್ಟಾ ಕನ್ನಡಾಭಿಮಾನಿಯೇ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ: ನಮ್ಮ ಮಕ್ಕಳು ಮಲಯಾಳ ಕಲಿಯುವುದರಲ್ಲಿ ಕೇಡಿಲ್ಲ, ಐದು ಭಾಷೆಗಳ ನಡುವೆ ಹುಟ್ಟಿದವರಿಗೆ ಆರನೆಯದು ಭಾರವಲ್ಲ. ಕೇಡಿರುವುದು ಕನ್ನಡ ಮಾಧ್ಯಮದ ಗಣಿತವನ್ನೋ ವಿಜ್ಞಾನವನ್ನೋ ಕಲಿಸಲು ಕನ್ನಡ ಬಾರದವರನ್ನು ನೇಮಿಸುವುದರಲ್ಲಿ. ಇಂತಹ ನೇಮಕಗಳ ವಿರುದ್ಧ ಮಕ್ಕಳೇ ತರಗತಿ ಬಿಟ್ಟು ಹೊರಗೆ ಕುಳಿತ ಪ್ರಸಂಗಗಳನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಭಾಷೆ ಬಾರದ ಅಧ್ಯಾಪಕರದೂ ತಪ್ಪಿಲ್ಲ. ಅವರೂ ಆ ತರಗತಿಯಲ್ಲಿ ನರಳುತ್ತಾರೆ. ನಮ್ಮ ಗಣಿತದ ಮಾಸ್ತರರಂತೆ ಎಡಗೈಯ ಪುಸ್ತಕವನ್ನು ಬಲಗೈಯಿಂದ ಕನ್ನಡವಾಗಿಸುವವರು ನಿವೃತ್ತರಾದಂತೆ ಅವರ ಜಾಗವನ್ನು ಯಾರು ತುಂಬುತ್ತಾರೆ ಎಂಬುದೇ ಕನ್ನಡ ಡಿವಿಷನ್ನಿನ ಆಯುಸ್ಸನ್ನು ತೀರ್ಮಾನಿಸುತ್ತದೆ.

ಸರಕಾರದ ಮೇಲೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮೇಲೆಯೂ ಹೇಳಿಕೊಳ್ಳಬೇಕು. ಮುಖ್ಯೋಪಾಧ್ಯಾಯಿನಿಯವರು ಏಳು ಎಂದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: 'ನಮ್ಮಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದಾರೆ? ಕೈ ಎತ್ತಿ.' 26 ಮಂದಿಯಲ್ಲಿ ಎದ್ದ ಕೈಗಳು ನಾಲ್ಕು. ನನ್ನ ಕೈ ಏಳಲಿಲ್ಲ. ನನ್ನ ಮಗಳು ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಈ ಟಿಪ್ಪಣಿಯನ್ನು ಅವಳು ಅಕ್ಷರ ಕೂಡಿಸಿಕೊಂಡು ಓದಬೇಕಾಗುತ್ತದೆ. ಮನೆಯೆದುರಿಗೆ ಬಸ್ಸು ಬರುತ್ತದೆ, ಪ್ಲಸ್ ಟೂ ಇಂಗ್ಲಿಷಿನಲ್ಲಿದೆ, ನನ್ನ ಹಾಗೆ ಆಕೆ ಪ್ರೀ ಡಿಗ್ರಿಯ ಮೊದಲ ಆರು ತಿಂಗಳು ಮೂಕಳಾಗಿ ಕುಳಿತಿರಬಾರದು ಎಂಬ ಕಾರಣಗಳನ್ನು ನಾನು ಅಂದು ಕೊಟ್ಟುಕೊಂಡಿದ್ದೆ. ಅವು ಸುಳ್ಳು ಕಾರಣಗಳಲ್ಲ. ಎದ್ದ ನಾಲ್ಕು ಕೈಗಳಲ್ಲಿ ಮೂರು, 210 ದಾಟದೆ ಉಳಿದವರ ಕೈಗಳಾಗಿದ್ದವು. ಶಾಲೆಯ ಬಗ್ಗೆ ವೇದಿಕೆಯಲ್ಲಿ ಮಾತನಾಡಿದವರು ನಾವು. ಶಾಲೆಯನ್ನು ಇಷ್ಟು ವರ್ಷ ತೆರೆದಿಟ್ಟವರು ಅವರು.

ಅಂದು ಸಂಜೆ ಎರಡು ನಿರ್ಧಾರಗಳಾದವು. ಒಂದು, ಸುತ್ತಲಿನ ಯು.ಪಿ. ಶಾಲೆಗಳಲ್ಲಿ ಏಳನೆಯದು ಮುಗಿಸಿದ ಕನ್ನಡ ಮಕ್ಕಳ ಮನೆಗಳಿಗೆ ಹೋಗುವುದು. ಶಾಲೆಯ ವ್ಯಾನಿನ ಬಾಡಿಗೆಯನ್ನು ನಮ್ಮ ತರಗತಿ ವಹಿಸಿಕೊಂಡಿದೆ, ಏಕೆಂದರೆ ಹೋದ ಮನೆಗಳಲ್ಲಿ ಬಹಳ ಕಡೆ ಕೇಳಿದ ಮೊದಲ ಪ್ರಶ್ನೆ ಮಾಧ್ಯಮದ್ದಾಗಿರಲಿಲ್ಲ, ವ್ಯಾನಿನದಾಗಿತ್ತು. ಎರಡು, ಶಾಲೆಯಲ್ಲಿ ಉಳಿದಿರುವ ಹಾಜರಿ ಪುಸ್ತಕಗಳ ಛಾಯಾಚಿತ್ರ ತೆಗೆದಿಡುವುದು. ಸಿಕ್ಕ ಪುಸ್ತಕಗಳಲ್ಲಿ ಅತ್ಯಂತ ಹಳೆಯದು ನಮ್ಮ ತಂದೆಯವರ ಕಾಲದ್ದು. ಅದರ ನವೆಂಬರ್ ಪುಟದಲ್ಲಿ ಮೇಲ್ಗಡೆ ಅಚ್ಚಾಗಿದ್ದ ಜಿಲ್ಲೆಯ ಹೆಸರನ್ನು ಶಾಯಿಯಲ್ಲಿ ಹೊಡೆದಿದ್ದಾರೆ; ಬದಲಿಗೆ ಏನನ್ನೂ ಬರೆದಿಲ್ಲ. ಕೆಳಗೆ ಮಕ್ಕಳ ಹಾಜರಿ ಎಂದಿನಂತೆ ತುಂಬಿದೆ.

ಈ ಪುಟವನ್ನು ಓದುವ ಸೊಲ್ಲಾಪುರದ, ನೀಲಗಿರಿಯ, ಆದೋನಿಯ, ಗೋವೆಯ ಕನ್ನಡ ಶಾಲೆಗಳ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ತರಗತಿಯ ಗುಂಪು ಚಿತ್ರ ಮನೆಯಲ್ಲಿದ್ದರೆ, ವರ್ಷ, ಮಕ್ಕಳ ಸಂಖ್ಯೆ, ಅವರ ಮನೆಮಾತುಗಳು, ಇಂದು ಅದೇ ತರಗತಿಯಲ್ಲಿರುವ ಮಕ್ಕಳ ಸಂಖ್ಯೆ ಇಷ್ಟನ್ನು ಕೆಳಗೆ ಬರೆಯಿರಿ. ವ್ಯಕ್ತಿಗಳ ಹೆಸರು ಬೇಡ.

ನಮ್ಮಲ್ಲಿ ಶಾಲೆ ತೆರೆಯಲು ಇನ್ನು ಒಂದು ವಾರವಿದೆ. ನಿನ್ನೆ ಸಂಜೆಯವರೆಗೆ ಎಂಟನೆಯ ತರಗತಿಯ ಕನ್ನಡ ವಿಭಾಗಕ್ಕೆ ಹೆಸರು ಕೊಟ್ಟವರು ಹನ್ನೆರಡು ಮಂದಿ: ಆರು ತುಳು, ಮೂರು ಬ್ಯಾರಿ, ಎರಡು ಹವ್ಯಕ, ಒಂದು ಮರಾಠಿ. ಇನ್ನೂ ಐದು ಮನೆಗಳಿಗೆ ಹೋಗುವುದಿದೆ. ಆರನೆಯ ದಿನದ ಸಂಖ್ಯೆಯನ್ನು ಇಲ್ಲಿಯೇ ತಿಳಿಸುತ್ತೇನೆ.